ಥಿಯೊಡೋರ್ ಬೊವೇರಿ: ಜೀವದ ಮೊದಲ ಪಾಲು

ಒಂದೇ ಕೋಶವಾಗಿ ಮೊದಲಾದ ಜೀವವು ಎರಡಾಗಿ, ನಾಲ್ಕಾಗಿ ಒಡೆಯುತ್ತ ದೇಹವಾಗುವುದನ್ನು ನಮ್ಮ ವಿದ್ಯಾರ್ಥಿಗಳು ಪಾಠದಲ್ಲಿ ಓದುತ್ತಾರೆ. ಆ ವಿಭಜನೆಯಲ್ಲಿ ಪ್ರತಿ ಕೋಶಕ್ಕೂ ಸಲ್ಲಬೇಕಾದ ಪಾಲು ಸಲ್ಲದಿದ್ದರೆ ಒದಗುವ ಹಾನಿಯನ್ನು ತೋರಿಸಿಕೊಟ್ಟ ಮಹನೀಯರು ಜರ್ಮನಿಯ ಥಿಯೊಡೋರ್ ಬೊವೇರಿಯವರು.

ಅವರು 1862ರ ಅಕ್ಟೋಬರ್ 12ರಂದು ಬ್ಯಾಂಬರ್ಗ್ ನಗರದಲ್ಲಿ ಜನಿಸಿದರು. ಇತಿಹಾಸ, ತತ್ತ್ವಶಾಸ್ತ್ರಗಳ ವ್ಯಾಸಂಗಕ್ಕೆಂದು ಮ್ಯೂನಿಕ್ ವಿಶ್ವವಿದ್ಯಾನಿಲಯಕ್ಕೆ ಹೋದವರು ಅಂಗರಚನಾಶಾಸ್ತ್ರದತ್ತ ಹೊರಳಿ, 1885ರಲ್ಲಿ ಡಾಕ್ಟರೇಟ್ ಪಡೆದರು. 1893ರಲ್ಲಿ ವುರ್ಜ್‌ಬರ್ಗಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. 1897ರಲ್ಲಿ ಅವರ ಕೈಹಿಡಿದ ಅಮೆರಿಕದ ಮಾರ್ಸೆಲಾ ಒಗ್ರೇಡಿಯವರೂ ಜೀವವಿಜ್ಞಾನಿಯೇ, ಸಂಶೋಧನೆಯಲ್ಲಿಯೂ ಸಹಧರ್ಮಿಣಿಯಾದರು.

ಕುದುರೆಯ ಕರುಳಿನ ಜಂತುಹುಳುವಿನ ಅಂಡದಲ್ಲಿ ವರ್ಣತಂತುಗಳು ಬೆರಳೆಣಿಕೆಯಷ್ಟೇ. ಆದ್ದರಿಂದ ಎಣಿಸಲು ಸುಲಭ. ಅದನ್ನು ಪರೀಕ್ಷಿಸುತ್ತ ಬೊವೇರಿಯವರು, ವಿಭಜನೆಯ ವೇಳೆ ಎರಡು ತುದಿಗಳಲ್ಲಿ ನಿಲ್ಲುವ ಪುಟ್ಟ ಕೇಂದ್ರಗಳಿಗೆ 1888ರಲ್ಲಿ ಸೆಂಟ್ರೋಸೋಮ್ ಎಂದು ಹೆಸರಿಟ್ಟರು. ಅವುಗಳ ನಡುವೆ ನೂಲುವ ಕದಿರಿನ ಆಕಾರದಲ್ಲಿ ಎಳೆಗಳು ಹಬ್ಬುತ್ತವೆ. ವರ್ಣತಂತುಗಳು ಇಬ್ಭಾಗವಾಗಿ ಅತ್ತಿತ್ತ ಸಾಗುತ್ತವೆ.

ಮೈಯೆಲ್ಲ ಮುಳ್ಳಾದ ಸೀ ಅರ್ಚಿನ್ ಎಂಬ ಕಡಲಜೀವಿಯ ಒಂದೇ ಅಂಡಕ್ಕೆ ಎರಡು ವೀರ್ಯಾಣುಗಳು ಹೊಗುವಂತೆ ಅವರು ಮಾಡಿದರು. ಆಗ ಕೇಂದ್ರಗಳು ನಾಲ್ಕಾದವು; ಅಂಡವು ಒಮ್ಮೆಗೇ ನಾಲ್ಕು ಹೋಳಾಯಿತು; ವರ್ಣತಂತುಗಳು ಸಿಕ್ಕಂತೆ ಹಂಚಿಹೋದವು. ಅಂಥ ಭ್ರೂಣಗಳು ಬಹುತೇಕ ಅಳಿದವು. ಪ್ರತಿಯೊಂದು ವರ್ಣತಂತುವಿಗೂ ತನ್ನದೇ ಗುಣವುಂಟು, ಪೂರ್ಣ ಸಮೂಹವಿಲ್ಲದೆ ಬೆಳವಣಿಗೆಯಿಲ್ಲ ಎಂಬ ಸಿದ್ಧಾಂತವನ್ನು ಅವರು 1902ರಲ್ಲಿ ಪ್ರಕಟಿಸಿದರು. ತಪ್ಪಿದ ಹಂಚಿಕೆಯೇ ಅರ್ಬುದರೋಗಕ್ಕೂ ಮೂಲವಾಗಬಹುದೆಂದು 1914ರ ಗ್ರಂಥದಲ್ಲಿ ಪ್ರತಿಪಾದಿಸಿದರು.

ಆದರೆ ಕದಿರಿನಲ್ಲಿ ಸೆಳೆಯುವ ಶಕ್ತಿ ಯಾವುದು? ಅಂದಿನ ಸೂಕ್ಷ್ಮದರ್ಶಕಕ್ಕೆ ಅದು ಗೋಚರವಲ್ಲ. 1965ರಲ್ಲಿ ಡೈನೀನ್, 1985ರಲ್ಲಿ ಕೈನೀಸಿನ್ ಎಂಬ ಚಾಲಕ ಪ್ರೋಟೀನುಗಳಿಗೆ ಹೆಸರಾಯಿತು. ಎ.ಟಿ.ಪಿ. ಎಂಬ ಇಂಧನವನ್ನು ವ್ಯಯಿಸಿ ಅವು ಸೂಕ್ಷ್ಮನಾಳಗಳ ಮೇಲೆ ಹೆಜ್ಜೆಯಿಡುತ್ತವೆ: ಡೈನೀನ್ ಕೇಂದ್ರದತ್ತ, ಕೈನೀಸಿನ್‌ಗಳಲ್ಲಿ ಬಹುಪಾಲು ಅದರಿಂದಾಚೆಗೆ. ಭ್ರೂಣದಲ್ಲಿ ಕೋಶದ ಅಂಚಿಗೆ ನೆಲೆನಿಂತ ಡೈನೀನ್ ನಾಳಗಳನ್ನು ಸೆಳೆದು ಕದಿರನ್ನು ತಕ್ಕ ಸ್ಥಾನಕ್ಕೆ ತರುತ್ತದೆ. ಕೈನೀಸಿನ್ ದೊರೆತ ವರ್ಷವೇ ಸೀ ಅರ್ಚಿನ್ ಅಂಡದಲ್ಲಿಯೂ ಅದು ಕಂಡುಬಂದಿತು.

ಬರ್ಲಿನ್ನಿನ ಹೊಸ ಜೀವವಿಜ್ಞಾನ ಸಂಸ್ಥೆಯ ನಿರ್ದೇಶಕ ಪದವಿ ಅರಸಿ ಬಂದರೂ ದೇಹಾರೋಗ್ಯವಿಲ್ಲದೆ ಬೊವೇರಿಯವರು ಒಪ್ಪಲಿಲ್ಲ. ಮಹಾಯುದ್ಧದ ನಡುವೆ, 1915ರ ಅಕ್ಟೋಬರ್ 15ರಂದು, 53ನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಳೆಯುವ ಕೈಯನ್ನು ಅವರು ಕಾಣಲಿಲ್ಲ. ಆ ಕೈ ತಪ್ಪಿದರೆ ಜೀವ ನಿಲ್ಲದೆಂಬುದನ್ನು ಎಣಿಸಿ ತೋರಿಸಿ ಹೋದರು. ಮುಂದಿನವರು ಹುಡುಕಿದ್ದು ಅವರು ಬೆರಳಿಟ್ಟು ತೋರಿದ ಎಡೆಯಲ್ಲಿಯೇ.