ಹಾಡನ್ನು ಕಥೆಗೆ ಹೊಲಿದ ಗುರುದತ್ತ್

ಹಿಂದಿ ಸಿನಿಮಾದ ದೊಡ್ಡ ನಿರ್ದೇಶಕ ಗುರುದತ್ತ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1925ರ ಜುಲೈ 9ರಂದು. ಮನೆತನದ ಹೆಸರು ಪಡುಕೋಣೆ. ಬಾಲ್ಯ ಕಳೆದದ್ದು ಕಲ್ಕತ್ತದಲ್ಲಿ. ಅದಕ್ಕೇ ಅನೇಕರು ಅವರನ್ನು ಬಂಗಾಳಿ ಎಂದುಕೊಳ್ಳುತ್ತಾರೆ.

ಕ್ಯಾಮೆರಾಕ್ಕಿಂತ ಮೊದಲು ಅವರು ಕಲಿತದ್ದು ನೃತ್ಯ, ಅಲ್ಮೋರಾದಲ್ಲಿ ಉದಯಶಂಕರ್ ಅವರ ಬಳಿ. ಸ್ವಲ್ಪ ಕಾಲ ಕಲ್ಕತ್ತದ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. 1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿ ಸೇರಿದರು. ಅಲ್ಲಿ ದೇವ್ ಆನಂದ್ ಗೆಳೆಯರಾದರು. ಮುಂದೆ ಯಾರು ಮೊದಲು ಮೇಲೆ ಬಂದರೂ ಇನ್ನೊಬ್ಬರಿಗೆ ಅವಕಾಶ ಕೊಡಬೇಕೆಂದು ಇಬ್ಬರೂ ಮಾತಾಡಿಕೊಂಡರು. ದೇವ್ ಆನಂದ್ ಮಾತು ಉಳಿಸಿಕೊಂಡರು. 1951ರಲ್ಲಿ ‘ಬಾಜಿ’ ಬಂತು.

ಆ ಚಿತ್ರದ ಒಂದು ಹಾಡಿಗೆ ಕಷ್ಟದ ಶಾಟ್ ಒಂದನ್ನು ಸೂಚಿಸಿದವರು ಸಹಾಯಕ ಛಾಯಾಗ್ರಾಹಕ ವಿ.ಕೆ. ಮೂರ್ತಿ, ಮೈಸೂರಿನವರು. ಗುರುದತ್ತ್ ಅವರಿಗೇ ಅದನ್ನು ತೆಗೆಯಲು ಬಿಟ್ಟರು. ಮುಂದಿನ ಚಿತ್ರ ‘ಜಾಲ್’ನಿಂದ ಮೂರ್ತಿಯವರೇ ಅವರ ಛಾಯಾಗ್ರಾಹಕ.

ಈ ವರ್ಷ ಮೊಬೈಲಿನಲ್ಲಿ ಹಾಡಿನ ವಿಡಿಯೊ ಮಾಡಲು ಹೊರಟಿರುವ ಗೆಳೆಯರು ಇನ್ನು ಮುಂದಿನದನ್ನು ನಿಧಾನವಾಗಿ ಓದಬೇಕು. ಒಂದು ಹಾಡನ್ನು ತುಂಡು ತುಂಡಾಗಿ, ಬೇರೆ ಬೇರೆ ದಿನ ತೆಗೆಯುತ್ತಾರೆ. ಆದರೂ ನೋಡುವವರಿಗೆ ಅದು ಒಂದೇ ಹೊತ್ತಿನಲ್ಲಿ ನಡೆದಂತೆ ಕಾಣಬೇಕು. ಇದಕ್ಕೆ ಕಂಟಿನ್ಯುಯಿಟಿ ಎನ್ನುತ್ತಾರೆ. ನಾವು ಕಾಮರ್ಸ್‌ನವರಿಗೆ ಇದು ಸುಲಭ: ಹೋದ ವರ್ಷದ ಅಖೈರು ಶಿಲ್ಕೇ ಈ ವರ್ಷದ ಆರಂಭದ ಶಿಲ್ಕು. ಒಂದು ಶಾಟ್‌ನ ಕೊನೆಯಲ್ಲಿ ಎತ್ತಿದ ಕೈ ಮುಂದಿನ ಶಾಟ್‌ನ ಮೊದಲಿಗೂ ಎತ್ತಿಯೇ ಇರಬೇಕು. ಬಲಕ್ಕೆ ನಡೆದವನು ಬಲಕ್ಕೇ ನಡೆಯಬೇಕು.

ಗುರುದತ್ತ್ ಇದನ್ನು ಬಟ್ಟೆ, ಕೈಗಳಿಗೆ ನಿಲ್ಲಿಸಲಿಲ್ಲ. ಹಾಡು ಬಂತೆಂದರೆ ನಮ್ಮ ನಾನಿ ಚಹಾ ಇಡಲು ಏಳುತ್ತಾರೆ. ಗುರುದತ್ತ್ ಚಿತ್ರದಲ್ಲಿ ಎದ್ದರೆ ಕಥೆಯ ಒಂದು ತುಂಡು ತಪ್ಪುತ್ತದೆ. ‘ಆರ್ ಪಾರ್’ನಲ್ಲಿ (1954) ಗ್ಯಾರೇಜಿನೊಳಗೆ ಮಾತಿನ ನಡುವೆಯೇ ಹಾಡು ಶುರುವಾಗುತ್ತದೆ. ‘ಪ್ಯಾಸಾ’ದಲ್ಲಿ (1957) ಸತ್ತನೆಂದು ಎಲ್ಲರೂ ನಂಬಿದ ಕವಿ ಸಭಾಂಗಣದ ಬಾಗಿಲಲ್ಲಿ ನಿಂತು ಹಾಡುತ್ತಾನೆ. ಹಿಂದಿನಿಂದ ಬೆಳಕು, ಮುಖ ಕತ್ತಲು. ಜನ ಒಬ್ಬೊಬ್ಬರಾಗಿ ತಿರುಗುತ್ತಾರೆ. ಸಾಹಿರ್ ಲುಧಿಯಾನ್ವಿಯವರ ಉರ್ದು ಅರ್ಥವಾಗದವರಿಗೂ ಆ ಜೋಡಣೆಯೇ ಎಲ್ಲ ಹೇಳಿಬಿಡುತ್ತದೆ.

1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಪ್ರಸಿದ್ಧ ಹಾಡಿಗೆ ಮೂರ್ತಿಯವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೊದೊಳಗೆ ಇಳಿಸಿದರು. ಹಾಡಿದ್ದು ಗುರುದತ್ತರ ಪತ್ನಿ ಗೀತಾ ದತ್. ತೆರೆಯ ಮೇಲೆ ವಹೀದಾ ರೆಹಮಾನ್ ಮತ್ತು ಗುರುದತ್ತ್ ತುಟಿ ಆಡಿಸುವುದೇ ಇಲ್ಲ. ಬೆಳಕಿನ ಕಂಬದ ಅತ್ತ ಇತ್ತ ನಿಂತಿರುತ್ತಾರೆ, ಅಷ್ಟೆ.

ಈ ಚಿತ್ರ ಸೋತಿತು, ಬಹಳ ಕೆಟ್ಟದಾಗಿ. ಆಮೇಲೆ ಯಾವ ಚಿತ್ರಕ್ಕೂ ಅವರು ನಿರ್ದೇಶಕನೆಂದು ಹೆಸರು ಹಾಕಿಕೊಳ್ಳಲಿಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ. ಮರುವರ್ಷ ಎಂ. ಸಾದಿಕ್ ನಿರ್ದೇಶನದಲ್ಲಿ ಅವರು ನಿರ್ಮಿಸಿದ ಲಖನೌ ಕಥೆ ‘ಚೌದ್ವೀಂ ಕಾ ಚಾಂದ್’ ಭರ್ಜರಿಯಾಗಿ ಓಡಿತು. ಆ ಕಪ್ಪುಬಿಳುಪು ಚಿತ್ರದ ಶೀರ್ಷಿಕೆ ಗೀತೆಯನ್ನು ನಂತರ ಬಣ್ಣದಲ್ಲಿ ಮತ್ತೆ ತೆಗೆದು ಸೇರಿಸಿದರು. ಕಂಟಿನ್ಯುಯಿಟಿ ಲೆಕ್ಕದಲ್ಲಿ ಇದು ದೊಡ್ಡ ತಪ್ಪು. ಜನ ಮಾತ್ರ ಖುಷಿಪಟ್ಟರು.

1964ರ ಅಕ್ಟೋಬರ್ 10ರಂದು ಮುಂಬೈಯ ಮನೆಯಲ್ಲಿ ಗುರುದತ್ತ್ ತೀರಿಕೊಂಡರು. ವಯಸ್ಸು 39. ಮೂರ್ತಿಯವರು ಮುಂದೆ ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೂ ಕ್ಯಾಮೆರಾ ಹಿಡಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.