ಸರ್ ಥಾಮಸ್ ಮನ್ರೋ ಮತ್ತು ರಯತನ ಹಕ್ಕು

ನಮ್ಮ ಕರಾವಳಿಯಲ್ಲಾಗಲಿ, ತುಂಗಭದ್ರೆಯ ಆಚೆಯ ಬಳ್ಳಾರಿ ಸೀಮೆಯಲ್ಲಾಗಲಿ ಭೂಮಿಯ ವ್ಯಾಜ್ಯಗಳ ಮೂಲವನ್ನು ಅರಸುತ್ತ ಹೋದವರು ಕೊನೆಗೆ ಸ್ಕಾಟ್ಲಂಡಿನ ಒಬ್ಬ ಅಧಿಕಾರಿಯ ಬರವಣಿಗೆಯ ಬಳಿಗೆ ಬಂದು ನಿಲ್ಲುವುದುಂಟು. ಆತನೇ ಸರ್ ಥಾಮಸ್ ಮನ್ರೋ. ಈತನನ್ನು ರಯತರ ತಂದೆಯೆಂದು ಹೊಗಳಿದವರುಂಟು. ಕಂಪನಿಯ ಬೊಕ್ಕಸವನ್ನು ತುಂಬಿದ ಚತುರನೆಂದು ತೆಗಳಿದವರೂ ಉಂಟು. ಈ ಎರಡು ಮಾತುಗಳೂ ಅರ್ಧರ್ಧ ನಿಜವೆಂಬುದು ನಮ್ಮ ಅಭಿಪ್ರಾಯ. ಭೂಮಿಯು ರಯತನದೆಂದು ಒಪ್ಪಿ, ಅದರ ಮೇಲಣ ಸಾರಾಕ್ಕೆ ಮೇರೆಯನ್ನು ಕಟ್ಟದೆ ಬಿಟ್ಟರೆ ಆ ಹಕ್ಕಿನ ಬೆಲೆಯೆಷ್ಟು ಎಂಬ ಪ್ರಶ್ನೆಯು ಈತನ ಚರಿತ್ರೆಯುದ್ದಕ್ಕೂ ಹೆಣೆದುಕೊಂಡಿರುವುದರಿಂದ ಅದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮನ್ರೋ ಹುಟ್ಟಿದುದು 1761ರ ಮೇ 27ರಂದು, ಗ್ಲಾಸ್ಗೋ ಪಟ್ಟಣದಲ್ಲಿ. ತಂದೆಯು ಅಮೇರಿಕದೊಡನೆ ವ್ಯಾಪಾರ ನಡೆಸುತ್ತಿದ್ದ ವರ್ತಕನು. ಅಮೇರಿಕದ ವಸಾಹತುಗಳು ಇಂಗ್ಲಂಡಿನ ಮೇಲೆ ತಿರುಗಿ ನಿಂತಾಗ ಆ ವ್ಯಾಪಾರವು ಮುಳುಗಿತು. ಮಗನು ಹೊಟ್ಟೆಪಾಡಿಗಾಗಿ ಕಂಪನಿಯ ದಂಡಿನಲ್ಲಿ ಸೇರಿ 1780ರಲ್ಲಿ ಮದ್ರಾಸಿಗೆ ಬಂದಿಳಿದನು. ಒಂದು ಖಂಡದ ಸ್ವಾತಂತ್ರ್ಯಸಮರವು ಇನ್ನೊಂದು ಖಂಡಕ್ಕೆ ಇಂತಹ ಅಧಿಕಾರಿಯನ್ನು ಕಳುಹಿದುದು ವಿಚಿತ್ರವೇ ಸರಿ. ಹೈದರನೊಡನೆ ಹೋರಾಡಿದ ದಂಡಿನಲ್ಲಿ ಕೆಲಕಾಲವಿದ್ದು, 1792ರಿಂದ ಬಾರಾಮಹಲಿನಲ್ಲಿ ಕ್ಯಾಪ್ಟನ್ ರೀಡನ ಕೈಕೆಳಗೆ ಏಳು ವರ್ಷ ಕಂದಾಯದ ಕೆಲಸವನ್ನು ಕಲಿತನು. ಜಮೀನದಾರನನ್ನಾಗಲಿ ಗುತ್ತಿಗೆದಾರನನ್ನಾಗಲಿ ನಡುವೆ ನಿಲ್ಲಿಸದೆ, ಹೊಲ ಹೊಲವನ್ನು ಅಳೆದು, ಉಳುವವನೊಡನೆಯೇ ಸರಕಾರವು ನೇರವಾಗಿ ಲೆಕ್ಕ ಮಾಡಿಕೊಳ್ಳುವ ರಯತವಾರಿ ಕ್ರಮದ ಮೊದಲ ಪಾಠಗಳು ಅಲ್ಲಿಯವೇ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಟಿಪ್ಪುವಿನ ರಾಜ್ಯವನ್ನು ಹಂಚಿದ ಮಂಡಲಿಗೆ ಜಾನ್ ಮಾಲ್ಕಮನೊಡನೆ ಕಾರ್ಯದರ್ಶಿಯಾಗಿದ್ದ ಮನ್ರೋವನ್ನು, ಕೆನರಾ ಎನಿಸಿಕೊಂಡ ಕನ್ನಡ ಜಿಲ್ಲೆಗೆ ಕಲೆಕ್ಟರನನ್ನಾಗಿ ಕಳುಹಿದರು. ಮಂಗಳೂರಿನಿಂದ ಕಾರವಾರದವರೆಗಿನ ಆ ಸೀಮೆಯ ಮಳೆಯೂ ಕೆಸರೂ ಈತನಿಗೆ ಒಗ್ಗಲಿಲ್ಲ. ವರ್ಷವೊಂದು ಕಳೆಯುವುದರೊಳಗೆ ವರ್ಗವನ್ನು ಬೇಡಿದನು. ಆ ಒಂದು ವರ್ಷದಲ್ಲಿಯೇ ವಿಟ್ಲದ ಹೆಗ್ಗಡೆಯ ದಂಗೆಯನ್ನು ಗಲ್ಲುಗಂಬದಿಂದ ಅಡಗಿಸಲಾಯಿತೆಂಬುದನ್ನೂ ಇಲ್ಲಿ ಮರೆಯಲಾಗದು. ಆದರೆ ಈತನ ಹೆಸರು ಕೋರ್ಟುಗಳಲ್ಲಿ ಉಳಿದುದಕ್ಕೆ ಕಾರಣವು ಬೇರೆ. ಬಾರಾಮಹಲಿನಲ್ಲಿ ಕಾಣದಿದ್ದ ಒಂದು ವಸ್ತುವನ್ನು ಈತನು ಕನ್ನಡ ಜಿಲ್ಲೆಯಲ್ಲಿ ಕಂಡನು. ಅದು ಕಾಗದ. ಒಕ್ಕಲುಗಳ ಮನೆಗಳಲ್ಲಿ ಕ್ರಯಪತ್ರಗಳಿದ್ದವು, ಅಡವುಪತ್ರಗಳಿದ್ದವು. ಮೂಲವರ್ಗದಾರನು ತನ್ನ ಭೂಮಿಯನ್ನು ಮಾರುತ್ತಿದ್ದನು, ಒತ್ತೆಯಿಡುತ್ತಿದ್ದನು, ಮಕ್ಕಳಿಗೆ ಬಿಟ್ಟು ಹೋಗುತ್ತಿದ್ದನು. ಮೂಲಗೇಣಿಗೂ ಚಾಲಗೇಣಿಗೂ ಕೊಡುತ್ತಿದ್ದನು. ಇದಾವುದಕ್ಕೂ ಆತನು ಅರಸನ ಅಪ್ಪಣೆಯನ್ನು ಕಾದವನಲ್ಲ.

1800ರಲ್ಲಿ ಸರಕಾರಕ್ಕೆ ಬರೆದ ವರದಿಗಳಲ್ಲಿ ಮನ್ರೋ ಈ ಸ್ಥಿತಿಯ ಇತಿಹಾಸವನ್ನೆಲ್ಲ ವಿವರಿಸಿದನು. ವಿಜಯನಗರದ ಹರಿಹರನ ಕಾಲದಲ್ಲಿ ಬಿತ್ತನೆಯ ಬೀಜದ ಲೆಕ್ಕದಿಂದ ತೆರಿಗೆಯು ಗೊತ್ತಾಗಿತ್ತೆಂದೂ, ಆ ರೇಖೆಯ ಮೇಲೆ ಕೆಳದಿಯ ಅರಸರು ಕೆಲವು ಪಟ್ಟಿಗಳನ್ನು ಕೂಡಿಸಿ ಶಿಸ್ತನ್ನು ನಿಲ್ಲಿಸಿದರೆಂದೂ, ಹೈದರನೂ ಟಿಪ್ಪುವೂ ಅದಕ್ಕೆ ಹೊರೆಯ ಮೇಲೆ ಹೊರೆಯನ್ನು ಹೇರಿದುದರಿಂದ ಭೂಮಿಯ ಕ್ರಯವೇ ಕುಸಿದು ಅನೇಕ ಒಕ್ಕಲುಗಳು ಹಾಳಾದವೆಂದೂ ತೋರಿಸಿದನು. ಈ ಸ್ವತ್ತು ಪ್ರಾಚೀನವಾದುದು, ಸರಕಾರವು ಕರುಣಿಸಿದುದಲ್ಲ ಎಂಬುದೇ ಆ ವರದಿಗಳ ತಿರುಳು. ಗೆದ್ದ ನಾಡಿನ ಮಣ್ಣೆಲ್ಲ ಗೆದ್ದವನದೇ ಎಂದು ನಂಬಿದ ಕಂಪನಿಯ ನೌಕರನು ಹೀಗೆ ಬರೆದುದು ಸಾಮಾನ್ಯ ಸಂಗತಿಯಲ್ಲ. ಸಾರಾವನ್ನು ತಗ್ಗಿಸಬೇಕೆಂದೂ ಆತನು ಸಲಹೆಮಾಡಿದನು. ಆದರೆ ತಗ್ಗಿಸಿದ ಸಾರಾವು ಮುಂದೆಂದೂ ಏರತಕ್ಕುದಲ್ಲವೆಂಬ ಕರಾರನ್ನು ಯಾರೂ ರಯತನ ಕೈಗೆ ಬರೆದುಕೊಡಲಿಲ್ಲ. ಇದರ ಫಲವನ್ನು ಮುಂದೆ ಕಾಣುವೆವು.

1800ರ ಕೊನೆಗೆ ಈತನು ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿ ಘಟ್ಟದ ಮೇಲಕ್ಕೆ ಬಂದನು. ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ, ಕಡಪೆಯ ಸೀಮೆಗಳವು. ತುಂಗಭದ್ರೆಯ ಈಚೆಯ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳು ನಿಜಾಮನಲ್ಲಿಯೇ ಉಳಿದವು. ಸುಮಾರು 80 ಪಾಳೆಯಗಾರರನ್ನು ಅಡಗಿಸಿದ ಬಗೆಯು ಬಹಳ ಕಠಿನವಾಗಿದ್ದು, ಲಂಡನಿನ ಡೈರೆಕ್ಟರರೇ ಅದಕ್ಕೆ ಆಕ್ಷೇಪವೆತ್ತಿದರು. ಗಂಗಾವತಿ ಸೀಮೆಯ ಆನೆಗೊಂದಿಯ ರಾಜನ ವಂಶವೃತ್ತಾಂತವನ್ನೂ ಹಕ್ಕುಗಳನ್ನೂ ಕುರಿತು 1801ರಲ್ಲಿ ಸರಕಾರಕ್ಕೆ ಬರೆದವನೂ ಈತನೇ. ವಿಜಯನಗರದ ಸಿಂಹಾಸನದ ವಾರಸುದಾರನು ಕಂಪನಿಯಿಂದ ತಿಂಗಳ ತನಖಾ ಪಡೆಯುವವನಾದನು.

ಏಳು ವರ್ಷಗಳಲ್ಲಿ ಬಹುಭಾಗವನ್ನು ಈತನು ಡೇರೆಯಲ್ಲಿಯೇ ಕಳೆದನು. ಊರಿಂದೂರಿಗೆ ತಿರುಗಿ, ಜನರ ಮಾತಿನಲ್ಲಿಯೇ ಅವರ ಫಿರ್ಯಾದುಗಳನ್ನು ಕೇಳುತ್ತಿದ್ದನೆಂಬುದನ್ನು ವಿರೋಧಿಗಳೂ ಅಲ್ಲಗಳೆದಿಲ್ಲ. ಮಂತ್ರಾಲಯದ ಮಠದ ಇನಾಮಿನ ವಿಚಾರಣೆಗೆ ಹೋದಾಗ ಶ್ರೀ ರಾಘವೇಂದ್ರಸ್ವಾಮಿಗಳು ಬೃಂದಾವನದಿಂದ ಈತನೊಡನೆ ಮಾತನಾಡಿದರೆಂದೂ, ಇನಾಮು ಉಳಿಯಿತೆಂದೂ ಭಕ್ತರಲ್ಲಿ ಪ್ರತೀತಿಯಿದೆ. ನಂಬಿಕೆಯ ವಿಷಯವನ್ನು ನಾವು ತೂಗಲಿಚ್ಛಿಸುವುದಿಲ್ಲ. ಆದರೆ ಇನಾಮು ವಶಪಡಿಸಿಕೊಳ್ಳಬಂದ ಕಲೆಕ್ಟರನು ಎದುರುಪಕ್ಷದ ಮಾತನ್ನು ಕೇಳಿ ಹಿಂದಿರುಗಿದುದನ್ನು ಜನರು ಪವಾಡದ ಸಾಲಿಗೆ ಸೇರಿಸಿದರಲ್ಲ! ಆ ಕಾಲದ ಕಚೇರಿಗಳ ನಡತೆಯನ್ನು ಊಹಿಸಲು ಇಷ್ಟು ಸಾಕು.

ಹೊಲಗಳ ಮೋಜಣಿಯು 1802ರಲ್ಲಿ ಆರಂಭವಾಯಿತು. ನಮ್ಮವರೇ ಆದ ಗುಮಾಸ್ತರು ಸರಪಳಿಗಳನ್ನು ಹಿಡಿದು ಸೀಮೆಯನ್ನೆಲ್ಲ ಅಳೆದರು. ಭೂಕಂದಾಯವು ಸುಮಾರು 10 ಲಕ್ಷ ವರಹಗಳಿಂದ 15 ಲಕ್ಷಕ್ಕೆ ಏರಿತು. ಇಲ್ಲಿಯೇ ನಮಗೆ ಈತನ ಮೇಲಣ ದೊಡ್ಡ ತಕರಾರು. ಕರಾವಳಿಯಲ್ಲಿ ರಯತನನ್ನು ಭೂಮಿಯ ಒಡೆಯನೆಂದ ಮನ್ರೋ ಘಟ್ಟದ ಮೇಲೆ ಬಂದೊಡನೆ, ಈ ಬಯಲುಸೀಮೆಯಲ್ಲಿ ಖಾಸಗಿ ಸ್ವತ್ತೆಂಬುದು ಎಂದೂ ಇರಲಿಲ್ಲವೆಂದೂ, ಭೂಮಿಯು ಸರಕಾರದ್ದೇ ಎಂದೂ ಬರೆದನು. ಕ್ರಯಪತ್ರವು ಮನೆಯ ಪೆಟ್ಟಿಗೆಯಲ್ಲಿ ಸಿಕ್ಕದಿದ್ದರೆ ಹಕ್ಕೇ ಇಲ್ಲವೇ? ನಮ್ಮ ಕುಕನೂರು, ಇಟಗಿಗಳ ಕಲ್ಲುಗಳ ಮೇಲೆ ಮತ್ತರುಗಳ ಲೆಕ್ಕದಲ್ಲಿ ಭೂಮಿಯ ದತ್ತಿಗಳು ಕೆತ್ತಿ ನಿಂತಿವೆ. ಎಲ್ಲೆಯನ್ನು ಗುರುತಿಸಿ, ಸಾಕ್ಷಿಗಳನ್ನು ನಿಲ್ಲಿಸಿ, ಅಳುಪಿದವನಿಗೆ ಶಾಪವನ್ನು ವಿಧಿಸಿದ ನಾಡಿನಲ್ಲಿ ಮಣ್ಣಿಗೆ ಅರಸನ ಹೊರತು ಒಡೆಯನಿರಲಿಲ್ಲವೆಂಬ ಮಾತನ್ನು ನಾವು ಒಪ್ಪಲಾರೆವು. ನೂರಾರು ವರ್ಷಗಳ ದಂಡುದಾಳಿಗಳಿಂದ ಪತ್ರಗಳು ನಾಶವಾಗಿ ರಯತರು ಚದರಿ ಹೋಗಿದ್ದರೆ, ಅದು ಹಕ್ಕಿನ ಅಭಾವವಲ್ಲ, ದಾಖಲೆಯ ಅಭಾವ.

ಆದರೂ ಈತನ ಕಣ್ಣು ಕುರುಡಾಗಿರಲಿಲ್ಲ. ಉತ್ಪನ್ನದಲ್ಲಿ ನೂರಕ್ಕೆ 45 ಪಾಲು ಸರಕಾರಕ್ಕೆ ಹೋಗುತ್ತಿದೆಯೆಂದು ತಾನೇ ಲೆಕ್ಕಹಾಕಿ, 1807ರಲ್ಲಿ ಎಲ್ಲ ಭೂಮಿಗಳ ಸಾರಾವನ್ನು ನೂರಕ್ಕೆ 25ರಂತೆ ಇಳಿಸಿ ಮೂರನೆಯ ಒಂದು ಪಾಲಿಗೆ ತರಬೇಕೆಂದೂ, ರಯತನು ತನ್ನ ಹೊಲವನ್ನು ಇಟ್ಟುಕೊಳ್ಳುವುದಕ್ಕೂ ಬಿಡುವುದಕ್ಕೂ ಸ್ವತಂತ್ರನಾಗಿರಬೇಕೆಂದೂ ಸೂಚಿಸಿದನು. ಮದ್ರಾಸು ಸರಕಾರವು ಒಪ್ಪಲಿಲ್ಲ. ಮನ್ರೋ ಅದೇ ವರ್ಷ ಸ್ವದೇಶಕ್ಕೆ ಹೊರಟುಹೋದನು. ಈಚೆಗೆ ಊರೂರುಗಳನ್ನೇ ಗುತ್ತಿಗೆಗೆ ಕೊಡುವ ಪದ್ಧತಿಯು ಬಂದು ಗುತ್ತಿಗೆದಾರರೂ ರಯತರೂ ಒಟ್ಟಿಗೆ ಕೆಟ್ಟರು. ಆ ಇಳಿತವು ದತ್ತಮಂಡಲಕ್ಕೆ ದೊರೆಯಲು ಸೂಚಿಸಿದವನೇ ಗವರ್ನರನಾಗಿ ಬರಬೇಕಾಯಿತು. ನಡುವಿನ ಹದಿಮೂರು ವರ್ಷಗಳನ್ನು ರಯತನು ಹೇಗೆ ದೂಡಿದನೋ!

1814ರಲ್ಲಿ ನ್ಯಾಯಪದ್ಧತಿಯನ್ನು ತಿದ್ದುವ ಮಂಡಲಿಗೆ ಮುಖ್ಯನಾಗಿ ಈತನು ಪುನಃ ಮದ್ರಾಸಿಗೆ ಬಂದನು. ಕಾರ್ನವಾಲಿಸನ ಮಾದರಿಯ ಜಿಲ್ಲಾ ಕೋರ್ಟುಗಳಲ್ಲಿ ಭಾಷೆಯರಿಯದ ದೊರೆಗಳ ಮುಂದೆ ದಾವೆಗಳು ರಾಶಿಬಿದ್ದಿದ್ದವು. 1816ರ ಕಾಯಿದೆಗಳು ಹಳ್ಳಿಯ ಪಟೇಲನಿಗೆ 10 ರೂಪಾಯಿಗಳವರೆಗಿನ ವ್ಯಾಜ್ಯವನ್ನು ತೀರಿಸುವ ಮುನ್ಸೀಫಿಯನ್ನು ಕೊಟ್ಟವು, ದೇಶೀಯರಾದ ಜಿಲ್ಲಾ ಮುನ್ಸೀಫರನ್ನು ನೇಮಿಸಿದವು, ಪಂಚಾಯತಿಗಳಿಗೆ ಅಧಿಕಾರವನ್ನಿತ್ತವು. ಪಂಚಾಯತಿಗಳಿಗೆ ಹೆಚ್ಚು ಜನರು ಹೋಗಲಿಲ್ಲ. ಮುನ್ಸೀಫ ಕೋರ್ಟು ಮಾತ್ರ ಬೇರುಬಿಟ್ಟಿತು. ಆ ಹೆಸರು ನಮ್ಮ ತಾಲೂಕುಗಳ ಜನರ ಬಾಯಲ್ಲಿ ಒಂದೂವರೆ ಶತಮಾನಕ್ಕೂ ಮೀರಿ ಉಳಿಯಿತು. ದೇಶೀಯನು ನ್ಯಾಯಾಸನದಲ್ಲಿ ಕುಳಿತು ತೀರ್ಪು ಕೊಡಬಲ್ಲನೆಂದು ಒಪ್ಪಿದುದಕ್ಕಾಗಿ ಮನ್ರೋವಿಗೆ ಋಣಿಗಳಾಗಿರುವುದರಲ್ಲಿ ತಪ್ಪಿಲ್ಲ.

ಆದರೆ ಅದೇ ಕಾಯಿದೆಗಳು ಮ್ಯಾಜಿಸ್ಟ್ರೇಟನ ಅಧಿಕಾರವನ್ನೂ ಪೋಲೀಸನ್ನೂ ಜಡ್ಜಿಯ ಕೈಯಿಂದ ಕಸಿದು ಕಲೆಕ್ಟರನಿಗೆ ಒಪ್ಪಿಸಿದವು. ಸಾರಾವನ್ನು ಗೊತ್ತುಮಾಡುವವನು, ವಸೂಲು ಮಾಡುವವನು, ಕೊಡದವನನ್ನು ಹಿಡಿಸುವವನು, ಶಿಕ್ಷಿಸುವವನು, ನಾಲ್ವರೂ ಒಬ್ಬನೇ ಆದರು. ನಾಡನ್ನು ಬಲ್ಲ ಕಲೆಕ್ಟರನು ನಾಡನ್ನರಿಯದ ಜಡ್ಜಿಗಿಂತ ಮೇಲೆಂಬುದು ಈತನ ತರ್ಕ. ಎಲ್ಲ ಕಲೆಕ್ಟರರೂ ಮನ್ರೋಗಳಾಗಿದ್ದರೆ ಆ ತರ್ಕವು ನಡೆಯುತ್ತಿತ್ತೇನೋ. ಕಾರ್ಯಾಂಗವನ್ನೂ ನ್ಯಾಯಾಂಗವನ್ನೂ ಬೇರ್ಪಡಿಸಿರೆಂದು ಮುಂದೆ ಕಾಂಗ್ರೆಸ್ಸು ವರ್ಷ ವರ್ಷವೂ ಠರಾವು ಮಾಡುತ್ತ ಬಂದ ದುಃಸ್ಥಿತಿಯ ಅಸ್ತಿವಾರಗಳಲ್ಲಿ ಇದೂ ಒಂದು.

ಪೇಶ್ವೆಯೊಡನೆ ನಡೆದ 1817–18ರ ಯುದ್ಧದಲ್ಲಿ ಧಾರವಾಡ, ಬಾದಾಮಿ, ಬೆಳಗಾವಿ ಕೋಟೆಗಳು ಈತನ ವಶವಾದವು. ಆ ಕಥೆಯು ಎಲ್ಲರಿಗೂ ತಿಳಿದುದೇ. 1820ರಲ್ಲಿ ಮದ್ರಾಸಿನ ಗವರ್ನರನಾಗಿ, ರಯತವಾರಿಯನ್ನು ಪ್ರಾಂತದ ಸಾಮಾನ್ಯ ಪದ್ಧತಿಯನ್ನಾಗಿ ಮಾಡಿದನು. 1824ರ ಡಿಸೆಂಬರದಲ್ಲಿ ಬರೆದ ಟಿಪ್ಪಣಿಯಲ್ಲಿ, ಹಿಂದೀ ಜನರನ್ನು ಮೇಲಿನ ಅಧಿಕಾರಗಳಿಂದ ದೂರವಿಟ್ಟು ಅವರ ಶೀಲವನ್ನು ಕುಗ್ಗಿಸುವ ನೀತಿಯನ್ನು ಖಂಡಿಸಿ, ಅವರು ತಮ್ಮನ್ನು ತಾವೇ ಆಳಿಕೊಳ್ಳಬಲ್ಲ ಕಾಲವನ್ನು ಇದಿರುನೋಡಬೇಕೆಂದನು. ಆದರೂ ತನ್ನ ಗವರ್ನರಿಕೆಯ ಏಳು ವರ್ಷಗಳಲ್ಲಿ ಒಬ್ಬನೇ ಒಬ್ಬ ದೇಶೀಯನನ್ನೂ ಕಲೆಕ್ಟರನ ಕುರ್ಚಿಯ ಮೇಲೆ ಕೂಡಿಸಲಿಲ್ಲ.

1827ರಲ್ಲಿ ಅಧಿಕಾರವನ್ನು ಬಿಟ್ಟುಹೋಗುವ ಮುನ್ನ ದತ್ತಮಂಡಲವನ್ನು ಕೊನೆಯ ಬಾರಿ ಕಂಡುಬರಲು ಹೊರಟವನು ಪತ್ತಿಕೊಂಡದಲ್ಲಿ ಜುಲೈ 6ರಂದು ವಾಂತಿಭೇದಿಯಿಂದ ತೀರಿಕೊಂಡನು. ಆ ಸೀಮೆಯ ರಯತರು ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟರು. ಬಲವಂತದಿಂದ ಯಾರೂ ಮಕ್ಕಳಿಗೆ ಹೆಸರಿಡುವುದಿಲ್ಲವಾದುದರಿಂದ ಈ ಸಾಕ್ಷ್ಯವನ್ನು ನಾವು ತಳ್ಳಿಹಾಕಲಾರೆವು.

ಇನ್ನು ಕನ್ನಡ ಜಿಲ್ಲೆಯ ಸಂಗತಿ. ಈತನು ಸತ್ತ ಮೂರನೆಯ ವರ್ಷದಲ್ಲಿಯೇ, 1830–31ರಲ್ಲಿ, ಸಾರಾದ ಭಾರವನ್ನು ತಾಳಲಾರದೆ ಮಂಗಳೂರಿನ ಸುತ್ತಣ ರಯತರು ಕೂಟ ಕಟ್ಟಿ ತೆರಿಗೆ ಕೊಡೆವೆಂದು ಕುಳಿತರು. ಮುಂದೆ ಜಿಲ್ಲೆಯು ಒಡೆದು, 1862ರಲ್ಲಿ ಉತ್ತರಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿ ಹೊಸ ಮೋಜಣಿಯಾಗಿ ಸಾರಾವು ಏರಿತು. ಒಕ್ಕಲುಗಳು ಈ ಸಲ ಕೂಟವನ್ನು ಬಿಟ್ಟು ಕೋರ್ಟಿಗೆ ಹೋದರು. ವೈಕುಂಠ ಬಾಪೂಜಿ ಎಂಬ ಮೂಲಗಾರನು ಮುಂಬಯಿ ಸರಕಾರದ ಮೇಲೆ ಹೂಡಿದ ದಾವೆಯು, ಸರ್ ಮೈಕೇಲ್ ವೆಸ್ಟ್ರಾಪ್ ಮುಖ್ಯ ನ್ಯಾಯಾಧೀಶನಾಗಿದ್ದ ಹೈಕೋರ್ಟಿನಲ್ಲಿ 1875ರಲ್ಲಿ ಫೈಸಲಾಯಿತು. ಮನ್ರೋ ಎಪ್ಪತ್ತೈದು ವರ್ಷಗಳ ಹಿಂದೆ ವರ್ಣಿಸಿದ್ದ ಮೂಲವರ್ಗವು ಅಲ್ಲಿ ವಿಚಾರಣೆಗೆ ನಿಂತಿತು. ಭೂಮಿಯಲ್ಲಿ ಮೂಲಗಾರನಿಗೆ ವಂಶಪಾರಂಪರ್ಯವಾದ, ಪರಭಾರೆ ಮಾಡತಕ್ಕ ಸ್ವತ್ತಿದೆಯೆಂದು ಕೋರ್ಟು ಒಪ್ಪಿತು. ಆದರೆ ಸಾರಾವನ್ನು ಏರಿಸುವ ಸರಕಾರದ ಅಧಿಕಾರಕ್ಕೆ ಆ ಸ್ವತ್ತು ಅಡ್ಡಿಯಾಗದೆಂದಿತು. ವಾದಿಯು ಸೋತನು. ಮರುವರ್ಷವೇ, 1876ರ ಹತ್ತನೆಯ ಆ್ಯಕ್ಟಿನಿಂದ, ಸಾರಾದ ಮೊತ್ತವನ್ನು ಪ್ರಶ್ನಿಸುವ ದಾವೆಗಳು ಮುಂಬಯಿ ಪ್ರಾಂತದ ದಿವಾಣಿ ಕೋರ್ಟುಗಳಲ್ಲಿ ನಡೆಯಕೂಡದೆಂದು ವಿಧಿಸಲಾಯಿತು. ಕಾಗದವು ಒಕ್ಕಲಿನ ಪೆಟ್ಟಿಗೆಯಲ್ಲಿಯೇ ಉಳಿಯಿತು, ಬಾಗಿಲು ಮುಚ್ಚಿತು.

ಸ್ವರಾಜ್ಯವು ಬಂದ ಬಳಿಕ ಕರ್ನಾಟಕದ ಭೂಸುಧಾರಣೆಯ ಕಾನೂನು 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಗಳನ್ನು ಸರಕಾರಕ್ಕೆ ಸೇರಿಸಿ, ಉಳುವವನ ಅಧಿಭೋಗದ ಹಕ್ಕನ್ನು ಗೊತ್ತುಮಾಡುವ ಕೆಲಸವನ್ನು ಭೂನ್ಯಾಯಮಂಡಲಿಗಳಿಗೆ ಒಪ್ಪಿಸಿತು. ಅವುಗಳ ಅಧ್ಯಕ್ಷನು ಕಂದಾಯ ಇಲಾಖೆಯ ಅಸಿಸ್ಟಂಟ್ ಕಮಿಶನರನು, ವಕೀಲರಿಗೆ ಪ್ರವೇಶವಿರಲಿಲ್ಲ. ಮನ್ರೋ ಇಟ್ಟ ಕುರ್ಚಿಯೇ ಅದು, ಕುಳಿತವನ ಉದ್ದೇಶವು ಮಾತ್ರ ಬೇರೆ. ಅಲ್ಲಿ ಭೂಮಿಯನ್ನು ಪಡೆದ ಗೇಣಿದಾರರು ಅಸಂಖ್ಯರು. 1987ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿದು, ವಕೀಲರನ್ನು ಹೊರಗಿಟ್ಟ ಕಲಮನ್ನು ಮಾತ್ರ ರದ್ದುಪಡಿಸಿತು.