ಹೆಪ್ಪಿನ ಗುಟ್ಟು ಕಂಡವರು ಲೂಯಿ ಪಾಶ್ಚರ್

ಮಳೆಗಾಲ ಹಿಡಿದರೆ ನಮ್ಮ ಕುಂದೂರಿನ ಕಡೆ ಮೊಸರು ಬೇಗ ಹೆಪ್ಪಾಗುವುದಿಲ್ಲ. ರಾತ್ರಿ ಹೆಪ್ಪು ಹಾಕಿದ ಪಾತ್ರೆಯನ್ನು ಒಲೆಯ ಪಕ್ಕ ಇಡುತ್ತಾರೆ, ಇಲ್ಲವಾದರೆ ಅಕ್ಕಿಯಲ್ಲಿ ಹುದುಗಿಸುತ್ತಾರೆ. ನಮ್ಮ ಮನೆಯಲ್ಲಿ ಹೆಪ್ಪಿಗೆ ಜಾಮನ್ ಎನ್ನುತ್ತೇವೆ. ಆ ಒಂದು ಚಮಚದಲ್ಲಿ ಏನಿದೆ ಎಂಬುದಕ್ಕೆ ದಾರಿ ತೋರಿಸಿದವರು ಫ್ರಾನ್ಸಿನ ಲೂಯಿ ಪಾಶ್ಚರ್. ಹುಚ್ಚುನಾಯಿ ಕಡಿತದ ಲಸಿಕೆಯಿಂದ ಅವರ ಹೆಸರು ಎಲ್ಲರಿಗೂ ಗೊತ್ತು. ಹಾಲಿನ ಕಥೆ ಅದಕ್ಕಿಂತ ಹಳೆಯದು.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ದೋಲ್ ಎಂಬ ಊರಿನಲ್ಲಿ. ತಂದೆ ಚರ್ಮ ಹದ ಮಾಡುವವರು. ಹುಡುಗನಿಗೆ ಚಿತ್ರ ಬರೆಯುವುದರಲ್ಲಿ ಆಸಕ್ತಿ. 1842ರ ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ ಸಿಕ್ಕಿದ್ದು ಸಾಧಾರಣ ದರ್ಜೆ ಮಾತ್ರ. (ಅಂಕಪಟ್ಟಿ ನೋಡಿ ಕುಗ್ಗಿದ ಸೈನ್ಸ್ ಗೆಳೆಯರು ಇದನ್ನು ಎರಡು ಸಲ ಓದಬಹುದು.)

1854ರಲ್ಲಿ ಅವರು ಲೀಲ್ ನಗರಕ್ಕೆ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿ ಬೀಟ್‌ರೂಟ್ ರಸದಿಂದ ಮದ್ಯಸಾರ ತಯಾರಿಸುವ ಕಾರ್ಖಾನೆಗಳಿದ್ದವು. 1856ರಲ್ಲಿ ಒಬ್ಬ ಮಾಲೀಕ ತನ್ನ ತೊಟ್ಟಿಗಳು ಹುಳಿಯಾಗಿ ನಷ್ಟವಾಗುತ್ತಿದೆ ಎಂದು ಅವರ ಸಹಾಯ ಕೇಳಿದ. ಮದ್ಯದ ವಿಷಯ ನಮಗೆ ಬೇಡ, ಆದರೆ ಹುಳಿಯ ವಿಷಯ ಬೇಕು. ಹಾಲು ಹುಳಿಯಾದಾಗ ಉಂಟಾಗುವ ಲ್ಯಾಕ್ಟಿಕ್ ಆಮ್ಲವೇ ಕೆಟ್ಟ ತೊಟ್ಟಿಗಳಲ್ಲೂ ಇತ್ತು. ಹುಳಿಯಾಗುವುದು ಬರೀ ರಾಸಾಯನಿಕ ಕೊಳೆಯುವಿಕೆ ಎಂದು ಆಗಿನ ದೊಡ್ಡ ವಿಜ್ಞಾನಿಗಳು ನಂಬಿದ್ದರು. ಪಾಶ್ಚರ್ ಹುಳಿಯಾದ ದ್ರವದಿಂದ ಬೂದುಬಣ್ಣದ ಪದಾರ್ಥವನ್ನು ಚೂರೇ ಚೂರು ತೆಗೆದು ಹೊಸ ಸಕ್ಕರೆ ದ್ರವಕ್ಕೆ ಹಾಕಿದರು. ಅದೂ ಹುಳಿಯಾಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟ್‌ಗಿಂತ ತುಂಬ ಚಿಕ್ಕ ಕಣಗಳು. ಅವು ಜೀವಂತವಾಗಿವೆ, ಬೆಳೆಯುತ್ತವೆ ಎಂದು 1857ರಲ್ಲಿ ಅವರು ಮಂಡಿಸಿದರು. ಹಳೆಯದರಿಂದ ಸ್ವಲ್ಪ ತೆಗೆದು ಹೊಸದಕ್ಕೆ ಹಾಕುವುದು! ನಮ್ಮ ಅಜ್ಜಿಯಂದಿರು ದಿನಾ ರಾತ್ರಿ ಮಾಡುತ್ತಿದ್ದುದೂ ಅದನ್ನೇ.

ಈ ಜೀವಿಗಳು ಎಲ್ಲಿಂದ ಬರುತ್ತವೆ? ತಾವಾಗಿಯೇ ಹುಟ್ಟುತ್ತವೆ ಎನ್ನುವವರು ಬಹಳ ಇದ್ದರು. ಪಾಶ್ಚರ್ 1860ರಲ್ಲಿ ಕುದಿಸಿ ಮುಚ್ಚಿದ ಗಾಜಿನ ಬುರುಡೆಗಳನ್ನು ಹೊತ್ತು ಬೆಟ್ಟ ಹತ್ತಿದರು. ಅರ್ಬ್ವಾ ಊರಿನ ಹೊಲಗಳ ಬಳಿ ತೆರೆದು ಮತ್ತೆ ಮುಚ್ಚಿದ 20ರಲ್ಲಿ 8 ಕೆಟ್ಟವು, ಜ್ಯುರಾ ಬೆಟ್ಟದ ಮೇಲೆ 5, ಆಲ್ಪ್ಸ್‌ನ ಹಿಮದ ಬಳಿ ಒಂದೇ ಒಂದು. ಗಾಳಿಯ ದೂಳಿನ ಜೊತೆ ಜೀವಿಗಳು ಬರುತ್ತವೆ ಎಂಬುದಕ್ಕೆ ಇದು ಲೆಕ್ಕದ ಸಾಕ್ಷಿ.

ಹಾಲು ಮಾತ್ರ ಸತಾಯಿಸಿತು. 100 ಡಿಗ್ರಿಯಲ್ಲಿ ಕುದಿಸಿ ಗಾಳಿ ತಾಗದಂತೆ ಇಟ್ಟರೂ ಕೆಲವು ದಿನಕ್ಕೆ ಒಡೆಯುತ್ತಿತ್ತು. ಒತ್ತಡದಲ್ಲಿ 110 ಡಿಗ್ರಿಗೆ ಕಾಯಿಸಿದಾಗ ಕೆಡದೆ ಉಳಿಯಿತು. ಇಂದು ನಂದಿನಿ ಗುಡ್‌ಲೈಫ್‌ನಂತಹ ಹಾಲನ್ನು ಸುಮಾರು 135 ಡಿಗ್ರಿಗಿಂತ ಮೇಲೆ ಕೆಲವೇ ಸೆಕೆಂಡು ಕಾಯಿಸಿ, ಸೂಕ್ಷ್ಮಜೀವಿ ಸೇರದಂತೆ ಪ್ಯಾಕ್ ಮಾಡುತ್ತಾರೆ. ಪಾಶ್ಚರ್ ಅವರ ಬುರುಡೆಯೇ ಪೊಟ್ಟಣವಾಗಿ ಅಂಗಡಿಗೆ ಬಂದಂತೆ.

ಅದೇ ವರ್ಷಗಳಲ್ಲಿ ಅವರ ಮನೆಯಲ್ಲಿ ಸಾವಿನ ಮೇಲೆ ಸಾವು. ಹಿರಿಯ ಮಗಳು ಜಾನ್ 1859ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡಳು, ಒಂಬತ್ತು ವರ್ಷ. 1865ರಲ್ಲಿ ಎರಡು ವರ್ಷದ ಕಾಮಿ. 1866ರಲ್ಲಿ ಹನ್ನೆರಡರ ಸೆಸಿಲ್, ಮತ್ತೆ ಟೈಫಾಯ್ಡ್. ಆ ರೋಗ ನೀರಿನಿಂದಲೂ ಹಾಲಿನಿಂದಲೂ ಹರಡುತ್ತದೆ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಪಾಶ್ಚರೀಕರಣವನ್ನು ಅವರು ಮಾಡಿದ್ದು ದ್ರಾಕ್ಷಾರಸಕ್ಕೆ. 1865ರಲ್ಲಿ ಪೇಟೆಂಟ್ ಪಡೆದರೂ ಅದನ್ನು ಎಲ್ಲರ ಬಳಕೆಗೆ ಬಿಟ್ಟರು. (ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಇದು ಅಚ್ಚರಿ.) ಶಿಶುಗಳ ಹಾಲಿಗೆ ಈ ಬಗೆಯ ಶಾಖವನ್ನು 1886ರಲ್ಲಿ ಸೂಚಿಸಿದ್ದು ಜರ್ಮನಿಯ ಸೋಕ್ಸ್‌ಲೆಟ್.

1868ರಲ್ಲಿ ಪಾರ್ಶ್ವವಾಯು ಬಡಿದು ಪಾಶ್ಚರ್ ಅವರ ಎಡಭಾಗ ಸ್ವಾಧೀನ ತಪ್ಪಿತು. 1885ರಲ್ಲಿ ಜೋಸೆಫ್ ಮೈಸ್ಟರ್ ಎಂಬ ಒಂಬತ್ತರ ಹುಡುಗನಿಗೆ ಲಸಿಕೆ ಕೊಡಿಸಿದ್ದು ಅದರ ನಂತರ. 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು.

ಇಷ್ಟು ಓದಿದ ಮೇಲೆ ನಾನು ಗುಡ್‌ಲೈಫ್ ಹಾಲಿನಲ್ಲಿ ಮೊಸರು ಮಾಡಿ ನೋಡಿದೆ. ಕುದಿಸುವ ಅಗತ್ಯವಿಲ್ಲ, ಬೆರಳಿಗೆ ಹಿತವಾಗುವಷ್ಟು ಬೆಚ್ಚಗಾದರೆ ಸಾಕು. ಹೆಪ್ಪು ಮಾತ್ರ ಬೇಕೇ ಬೇಕು. ಈ ಹಾಲಿನಲ್ಲಿ ಹುಳಿ ಮಾಡುವ ಜೀವಿಗಳು ಉಳಿದಿರುವುದಿಲ್ಲ, ಬಿಚ್ಚಿ ಹಾಗೇ ಹೊರಗಿಟ್ಟರೆ ಮೊಸರಾಗುವ ಬದಲು ಕಹಿಯಾಗಿ ಕೆಡಬಹುದು. ನಿಂಬೆರಸ ಹಿಂಡಿ ಪನೀರೂ ಮಾಡಿದೆ. ಹೆಚ್ಚು ಶಾಖದಿಂದ ಹಾಲಿನ ಪ್ರೋಟೀನುಗಳು ಒಂದಕ್ಕೊಂದು ಅಂಟಿ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಹಾಗಾಗಿ ಗಟ್ಟಿ ತುಂಡು ಬರಲಿಲ್ಲ, ಮೆತ್ತಗೆ ಪುಡಿಯಾಯಿತು. ಅಮ್ಮಿ ಅದಕ್ಕೆ ಉಪ್ಪು, ಹಸಿಮೆಣಸು, ಕೊತ್ತಂಬರಿ ಸೇರಿಸಿ ರೊಟ್ಟಿಗೆ ಹಚ್ಚಿಕೊಟ್ಟರು.